ಹಳ್ಳದ ಆಚೆ ದಂಡೆ

ತಮ್ಮ ಗುಡಿಸಲಿಗೆ ಗೊತ್ತು ಮಾಡಿದ ಜಾಗ ಯಾವುದೆಂದು ತಿಳಿದದ್ದೇ ತಡ, ಯರ್ರಮ್ಮ ಗಾಡಿಯಿಂದ ಇಳಿಯುವುದಿಲ್ಲವೆಂದು ಕೂತುಬಿಟ್ಟಳು.

"ದೊಡ್ಡೀರಪ್ಪಾರೆ, ಬ್ಯಾರೆ ಜಾಗ ತೋರ್ಸಿ. ಈ ಜನದ ಪಕ್ಕ ನಾನು ಒಲೆ ಹೂಡಲ್ಲ."

ಊರ ಹಿರಿಯ ದೊಡ್ಡೀರಪ್ಪ ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದರು. "ಊರ್ಕೋಮ್ಮಾ, ಸುಮ್ನಿರು! ಸಾವು ಬೆನ್ನು ಹತ್ತೈತೆ, ನಿಂಗೆ ಪಕ್ಕದ ಮನೆ ಚಿಂತೆ!"

ಮಾರ್ನವಮಿ ಕಳೆದು ವಾರಕ್ಕೆ ಊರಲ್ಲಿ ಇಲಿ ಬಿದ್ದಿದ್ದವು. ಅದರ ಹಿಂದೆಯೇ ಎರಡು ಹೆಣ ಬಿದ್ದವು. ಪ್ಲೇಗು ಅಂದರೇನೆಂದು ಆ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿರಲಿಲ್ಲ. ದೇವಸಮುದ್ರದ ಕಡೆ ಹಿಂದಿನ ವರ್ಷವೇ ಅದು ಬಂದು ಹೋಗಿತ್ತು. ಬಾಗಿಲಿಗೆ ಮುಳ್ಳು ಬಡಿದು, ಪಾತ್ರೆ ಪಡಗ, ಕೋಳಿ ಕುರಿ ಕಟ್ಟಿಕೊಂಡು ಇಡೀ ಊರು ಹೊಲದ ದಿಬ್ಬಕ್ಕೆ ಬಂದಿತ್ತು.

ಪಕ್ಕದ ಜಾಗದಲ್ಲಿ ಬೊಮ್ಮಲಿಂಗಪ್ಪ ಗುಡಿಸಲ ಕಂಬ ಹಿಡಿದು ನಿಂತಿದ್ದ. ಯರ್ರಮ್ಮನನ್ನು ನೋಡಿದ. ಅವಳೂ ನೋಡಿದಳು, ಕಾಲಿಗೆ ಚುಚ್ಚಿದ ಮುಳ್ಳನ್ನು ಕಿತ್ತು ನೋಡುವ ಹಾಗೆ. ಅವನೇ ಮೊದಲು ಕಣ್ಣು ತಗ್ಗಿಸಿದ.

ಬೊಮ್ಮಲಿಂಗಪ್ಪ ಹೊರಗಿನವನಲ್ಲ, ಸೋದರತ್ತೆಯ ಮಗ. ಯರ್ರಮ್ಮನ ಅಪ್ಪ ಕ್ಯಾತಪ್ಪನಿಗೆ ಒಬ್ಬಳೇ ತಂಗಿ, ಪಾಪಕ್ಕ. ಅವಳ ಮಗನಿಗೇ ತನ್ನ ಮಗಳೆಂದು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಎರಡು ವರ್ಷದ ಹಿಂದೆ ವೀಳ್ಯದ ಶಾಸ್ತ್ರಕ್ಕೆ ಎಲ್ಲರೂ ಕೂಡಿದ್ದ ದಿನ, ಪಂಕ್ತಿಯಲ್ಲಿ ಕೂತ ಪಾಪಕ್ಕ ಹೋಳಿಗೆ ಮುರಿದು, "ತಾಯಿ ಇಲ್ದ ಹುಡುಗಿ, ಹದ ಯಾರು ಕಲಿಸ್ಬೇಕು" ಅಂದಳು. ಬಡಿಸುತ್ತಿದ್ದ ಯರ್ರಮ್ಮ, "ತಾಯಿ ಸತ್ತಾಗ ಅತ್ತೆ ಅನ್ನೋಳು ಬಂದು ಕಲಿಸ್ಬೋದಿತ್ತು" ಅಂದುಬಿಟ್ಟಳು. ಪಾಪಕ್ಕ ಎಲೆ ಬಿಟ್ಟು ಎದ್ದಳು. "ಈ ನಾಲಿಗೆ ನನ್ ಮನೆಗೆ ಬ್ಯಾಡ." ಯರ್ರಮ್ಮ ಬೊಮ್ಮಲಿಂಗಪ್ಪನ ಕಡೆ ನೋಡಿದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಕೈ ತೊಳೆದುಕೊಂಡು ಅವ್ವನ ಹಿಂದೆ ನಡೆದುಬಿಟ್ಟ.

ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಊರವರು ಅವಳಿಗೆ ನಾಲಿಗೆ ಯರ್ರಮ್ಮ ಎಂದು ಹೆಸರಿಟ್ಟರು.

ಗುಡಿಸಲು ಎದ್ದ ಮಾರನೆಯ ದಿನವೇ ಅವಳು ಜಾಲಿಮುಳ್ಳು ಕಡಿದು ತಂದು ನಡುವೆ ಬೇಲಿ ಹಾಕಿದಳು.

"ಯರ್ರೀ," ಆಚೆಯಿಂದ ಬೊಮ್ಮಲಿಂಗಪ್ಪನ ದನಿ ಬಂತು. "ಬೇಲಿ ನಮ್ ಕಡೆ ಒಂದು ಮೊಳ ಬಂದೈತೆ."

"ಅಳೆದು ನೋಡಿದ್ಯಾ?"

"ದಿನಾ ನೋಡ್ತೀನಲ್ಲ."

"ಬೇಲಿ ನೋಡ್ತೀಯೋ, ಬೇಲಿಯಾಚೆ ನೋಡ್ತೀಯೋ?"

ಮುಳ್ಳಿನ ಸಂದಿಯಲ್ಲಿ ಕಂಡದ್ದು ಅವನ ಕಿವಿ ಮಾತ್ರ. ಅದು ಕೆಂಪಗಾಗಿತ್ತು. ಅದನ್ನು ತಾನು ಗಮನಿಸಿದೆನಲ್ಲ ಎಂದು ಯರ್ರಮ್ಮನಿಗೆ ತನ್ನ ಮೇಲೆಯೇ ರೇಗಿತು. ಬೇಲಿಗೆ ಇನ್ನೊಂದು ಹೊರೆ ಮುಳ್ಳು ತಂದು ಒತ್ತಿದಳು.

ದೀಪಾವಳಿ ಬಂತು. ಊರು ಬಿಟ್ಟರೂ ಹಿರಿಯರಿಗೆ ಎಡೆ ಇಡುವುದನ್ನು ಬಿಡಲಾಗುತ್ತದೆಯೇ? ಹೆಂಗಸರು ಗುಡಿಸಲ ಮುಂದೆ ಸಗಣಿ ಸಾರಿಸಿ, ಸಗಣಿ ಉಂಡೆಗಳಿಗೆ ಹುಚ್ಚೆಳ್ಳಿನ ಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಸಾಲಾಗಿ ಇಟ್ಟರು. ಯರ್ರಮ್ಮನ ಬೀಸುವ ಕಲ್ಲು ಊರಿನ ಮನೆಯಲ್ಲೇ ಉಳಿದಿತ್ತು. ಅವಳು ಎರಡು ಗುಂಡುಕಲ್ಲಿನ ನಡುವೆ ಎಡೆಯ ಹೋಳಿಗೆಗೆಂದು ನವಣೆ ಅರೆಯುತ್ತ ಕೂತಿದ್ದಳು. ಹೊತ್ತು ಹುಟ್ಟುವಾಗ ಬೊಮ್ಮಲಿಂಗಪ್ಪ ತಮ್ಮ ಬೀಸುವ ಕಲ್ಲನ್ನು ಎದೆಗೆ ಅವುಚಿಕೊಂಡು ಬಂದು, ಬೇಲಿ ಸುತ್ತಿ, ಅವಳ ಮುಂದೆ ಇಳಿಸಿದ. ಆ ಚಳಿಯಲ್ಲೂ ಅವನ ಹಣೆ ಬೆವರಿತ್ತು.

"ಬೀಸ್ಕೋ."

"ನಿಮ್ಮವ್ವನ್ನ ಕೇಳಿದ್ಯಾ?"

ಅವನು ತಮ್ಮ ಗುಡಿಸಲ ಕಡೆ ತಿರುಗಿ ನೋಡಿದ.

"ಕದ್ದು ತಂದ ಕಲ್ಲಲ್ಲಿ ಬೀಸಿದ್ದು ನಮ್ ಹಿರಿಯರಿಗೆ ಇಳಿಯಲ್ಲ. ಎತ್ಕೊಂಡು ಹೋಗು."

"ಯರ್ರೀ, ಕೈ ನೋಡ್ಕೋ, ರಕ್ತ ಬರ್ತೈತೆ."

"ನನ್ ಕೈ. ನನ್ ರಕ್ತ."

ಅವನು ಕಲ್ಲೆತ್ತಿಕೊಂಡು ಹೋದ. ಭಾರಕ್ಕೆ ಬಾಗಿದ ಆ ಬೆನ್ನನ್ನು ಅವಳು ಕಣ್ಣಿಗೆ ಮರೆಯಾಗುವ ತನಕ ನೋಡಿದಳು. ಅಂದು ಹೋಳಿಗೆ ಕೆಟ್ಟೇ ಹೋಯಿತು.

ಎಡೆಯ ಮುಂದೆ ಕೂತ ಕ್ಯಾತಪ್ಪ ತುತ್ತು ಎತ್ತಲಿಲ್ಲ. ಪ್ರತಿ ದೀಪಾವಳಿಗೂ ತಾನೇ ಹೋಗಿ ತಂಗಿಯನ್ನು ಮನೆಗೆ ಕರೆತರುವುದು ಅವನ ವಾಡಿಕೆಯಾಗಿತ್ತು. ಎರಡು ವರ್ಷದಿಂದ ಅದೂ ನಿಂತಿತ್ತು. "ತಂಗಿ ಕೆಮ್ಮೋದು ಇಲ್ಲಿಗೇ ಕೇಳ್ಸುತ್ತೆ ಕಣವ್ವ," ಅಂದ. "ಕರೆಯೋಕೆ ಬಾಯಿ ಬರ್ತಿಲ್ಲ."

"ಅವರಿಗೂ ಬಾಯೈತೆ," ಅಂದಳು ಮಗಳು.

ಕಾರ್ತಿಕ ಹಿಡಿದು ಗಾಳಿ ಬದಲಾಯಿತು. ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಬಾಯಿ ತೆರೆದರೆ ಹೊಗೆ. ಅಂಥ ಒಂದು ಬೆಳಗ್ಗೆ ಕ್ಯಾತಪ್ಪ ಏಳಲಿಲ್ಲ. ಮೈ ಕೆಂಡವಾಗಿತ್ತು. ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು.

ಸುದ್ದಿ ಹಬ್ಬಲು ಒಲೆ ಹೊತ್ತಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಗಂಡಸರು ದೂರದಲ್ಲೇ ನಿಂತರು. "ಹಳ್ಳದ ಆಚೆ ದಂಡೆಗೆ ಹೋಗ್ಬೇಕಮ್ಮ," ದೊಡ್ಡೀರಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. "ಈ ಕಡೆ ಕೂಸುಕುನ್ನಿ ಅದಾವೆ. ಯಾರೂ ಹಳ್ಳ ದಾಟಂಗಿಲ್ಲ."

ಯರ್ರಮ್ಮ ಎಲ್ಲರ ಮುಖ ನೋಡಿದಳು. ಕೊನೆಗೆ ಬೊಮ್ಮಲಿಂಗಪ್ಪನ ಮುಖವನ್ನೂ. ಅವನ ತುಟಿ ಅಲುಗಿತು. ಪಕ್ಕದಲ್ಲಿ ನಿಂತ ಪಾಪಕ್ಕ ಮಗನ ರಟ್ಟೆ ಹಿಡಿದಳು. ಅವನ ತಲೆ ತಗ್ಗಿತು.

ಅವಳು ಅಳಲಿಲ್ಲ. ಅಪ್ಪನನ್ನು ಗಾಡಿಗೆ ಹತ್ತಿಸಿ, ಎತ್ತಿನ ಹಗ್ಗ ಹಿಡಿದು ತಾನೇ ಹಳ್ಳ ದಾಟಿದಳು.

ಆಚೆ ದಂಡೆಯಲ್ಲಿ ಗುಡಿಸಲೆಂದರೆ ಗಾಡಿಗೆ ಹೊದಿಸಿದ ಈಚಲು ಚಾಪೆ ಅಷ್ಟೆ. ಕುಡಿಯಲು ಹಳ್ಳದ ಮರಳು ತೋಡಿದರೆ ಜಿನುಗುವ ಒರತೆ ನೀರು. ಸಂಜೆ ಬೊಮ್ಮಲಿಂಗಪ್ಪ ಬಾವಿಯ ಸಿಹಿನೀರಿನ ಕೊಡ ಹೊತ್ತು ಬಂದು ಹಳ್ಳದ ನಡುವಿನ ಬಂಡೆಯ ಮೇಲಿಟ್ಟ.

"ನಿಮ್ಮವ್ವಂಗೆ ಹೇಳಿ ಬಂದ್ಯಾ?"

"ಇಲ್ಲ."

ಅವಳು ಕೊಡ ಎತ್ತಿ, ಅವನು ನೋಡುತ್ತಿದ್ದ ಹಾಗೆಯೇ ನೀರು ಸುರಿದಳು.

ಮಾರನೆಯ ದಿನವೂ ಬಂದ. ಅವಳು ಅದೇ ಕೇಳಿದಳು. ಅವನು ಅದೇ ಹೇಳಿದ. ನೀರು ಮತ್ತೆ ಮರಳಿಗೆ ಹೋಯಿತು.

"ಮಾಮಂಗಾದ್ರೂ ಕುಡಿಸೇ! ನನ್ ಮ್ಯಾಲಿನ ಸಿಟ್ಟು ಅವನ ಮ್ಯಾಲೆ ಯಾಕೆ?"

"ಕದ್ದು ಬರೋನು ನಾಳೆ ಬರ್ತಾನೆ ಅಂತ ಏನು ಖಾತ್ರಿ?" ಯರ್ರಮ್ಮನ ದನಿ ಒಡೆಯಿತು. "ನಿನ್ ನೀರು ನಂಬ್ಕೊಂಡು ನಾನು ಒರತೆ ತೋಡೋದು ಬಿಟ್ರೆ? ಒಂದಿನ ನಿಮ್ಮವ್ವ ರಟ್ಟೆ ಹಿಡಿದ್ರೆ? ಒಂದ್ಸಲ ನಂಬಿ ನೋಡೀನಿ ನಿನ್ನ. ಸಾಕು."

ಅವನು ಹೊಡೆಸಿಕೊಂಡವನಂತೆ ನಿಂತ. ಆಮೇಲೆ ತಿರುಗಿ ಹೋದ. ಅವಳು ಖಾಲಿ ಕೊಡದ ಪಕ್ಕ ಕೂತು, ಸುರಿದ ನೀರಿಗೆ ಒದ್ದೆಯಾದ ಮರಳನ್ನು ಅಂಗೈಯಲ್ಲಿ ತುಂಬಿಕೊಂಡು ಹೋಗಿ ಅಪ್ಪನ ಹಣೆಗೆ ಹಚ್ಚಿದಳು. ಆಗ ಅಳು ಬಂತು.

ಮೂರನೆಯ ದಿನ ಅವನು ಬಂದದ್ದು ನಡುಮಧ್ಯಾಹ್ನ, ಎಲ್ಲರೂ ಕಾಣುವ ಹಾಗೆ. ತಲೆ ಮೇಲೆ ಕೊಡ, ಹೆಗಲಲ್ಲಿ ಕಂಬಳಿ, ಸೊಂಟದಲ್ಲಿ ಈರುಳ್ಳಿ ಅರಿಶಿನದ ಗಂಟು.

ಅವಳು ಕೇಳುವ ಮೊದಲೇ ಅಂದ, "ಹೇಳಿ ಬಂದೆ. ಅವ್ವಂಗೂ, ದೊಡ್ಡೀರಪ್ಪಂಗೂ. ಇನ್ನು ಈ ಕಡೆ ಕಾಲಿಡಬ್ಯಾಡ ಅಂದ್ಲು ಅವ್ವ. ಕಂಬಳಿ ಎಸೆದ್ಲು."

"ದಾಟಿದ್ರೆ ವಾಪಸು ಸೇರ್ಸಲ್ಲ ಅಂತ ಗೊತ್ತಲ್ಲ?"

"ಗೊತ್ತು. ಬಾವಿಗೆ ಸುತ್ತು ಹಾದಿ ಐತೆ. ಬಂಡೆಗುಂಟ ಹೋಗ್ತೀನಿ."

ಅವನು ಹಳ್ಳ ದಾಟಿ ಬಂದ. ಅವಳು ಕೊಡ ಇಸಿದುಕೊಂಡಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಸುಟ್ಟುಕೊಂಡವರಂತೆ ಕೈ ಎಳೆದುಕೊಂಡರು. ಕೊಡ ಬೀಳುವುದೊಂದು ಬಾಕಿ.

"ಗಾಡಿ ಹತ್ರ ಬರ್ಬ್ಯಾಡ," ಅಂದಳು. "ಆ ಬೇವಿನ ಮರದ ಬುಡದಲ್ಲಿ ಇರು."

ಹನ್ನೊಂದು ದಿನ ಅವನು ಬೇವಿನ ಬುಡದಲ್ಲಿದ್ದ. ನೀರು ತಂದ, ಸೌದೆ ತಂದ, ಈರುಳ್ಳಿ ಸುಟ್ಟು ಅರಿಶಿನ ಬೆರೆಸಿ ಗಡ್ಡೆಗೆ ಕಟ್ಟಲು ಹೇಳಿಕೊಟ್ಟ. ಆ ಹನ್ನೊಂದು ದಿನವೂ ಅವರು ಜಗಳವಾಡಿದರು. ಸೌದೆ ಹಸಿ ಎಂದು ಅವಳು, ಅಂಬಲಿಗೆ ಉಪ್ಪಿಲ್ಲ ಎಂದು ಅವನು.

"ನಿನಗೆ ಅಂತ ಮಾಡಿಲ್ಲ. ಮಿಕ್ಕಿತ್ತು, ಇಟ್ಟೆ."

"ದಿನಾ ಒಂದು ಬಟ್ಟಲೇ ಮಿಗುತ್ತಾ?"

"ಕುಡಿಯೋದಾದ್ರೆ ಕುಡಿ, ಇಲ್ದಿದ್ರೆ ನಾಯಿಗೆ ಹಾಕು."

"ಇಲ್ಲಿ ನಾಯಿ ಎಲ್ಲೈತೆ?"

ಅವಳು ಮುಖ ತಿರುಗಿಸಿಕೊಂಡಳು. ಎರಡು ವರ್ಷದ ಮೇಲೆ ಅವಳ ತುಟಿಗೆ ನಗು ಬಂದಿತ್ತು. ಅದು ಅವನಿಗೆ ಕಾಣಬಾರದಿತ್ತು.

ದಿನಾ ಬೆಳಗ್ಗೆ ಕಣ್ಣು ಬಿಟ್ಟೊಡನೆ ಅವಳು ನೋಡುತ್ತಿದ್ದುದು ಬೇವಿನ ಬುಡವನ್ನು. ಇಬ್ಬನಿಗೆ ನೆನೆದ ಕಂಬಳಿಯ ಗುಡ್ಡೆ ಅಲುಗುವ ತನಕ ಉಸಿರು ಬಿಡುತ್ತಿರಲಿಲ್ಲ. ಅದು ಅಲುಗಿದ ಮೇಲೆ ಸೌದೆ ಹಸಿಯೆಂದು ಬೈಯುವುದು.

ಹನ್ನೆರಡನೆಯ ದಿನ ಗಡ್ಡೆ ಒಡೆದು ಕೀವು ಹರಿಯಿತು. ಸಂಜೆಯ ಹೊತ್ತಿಗೆ ಜ್ವರ ಇಳಿಯಿತು. ಅದು ಪ್ಲೇಗೋ, ಬರೀ ಕೆಟ್ಟ ಕುರುವೋ, ಆ ಸೀಮೆಯಲ್ಲಿ ಹೇಳುವವರು ಯಾರಿದ್ದರು? ಕ್ಯಾತಪ್ಪ ಕಣ್ಣು ತೆರೆದು ಅಂಬಲಿ ಕೇಳಿದ. ಆಮೇಲೆ, "ಮರದ ಕೆಳಗೆ ಯಾರದು?" ಅಂದ.

ಮಾರನೆಯ ಬೆಳಗ್ಗೆ ದಿಬ್ಬದ ಕಡೆಯ ದಂಡೆಯಲ್ಲಿ ಪಾಪಕ್ಕ ಬಂದು ನಿಂತಳು. ಒಬ್ಬಳೇ ಬಂದಿದ್ದಳು. ತಲೆ ಮೇಲಿನ ಸೆರಗು ಗಾಳಿಗೆ ಹಾರಿದರೂ ಎಳೆದುಕೊಳ್ಳಲಿಲ್ಲ.

"ಅಣ್ಣ ಹೆಂಗದಾನೆ?"

ಎರಡು ವರ್ಷದಲ್ಲಿ ಅವಳು ಯರ್ರಮ್ಮನೊಡನೆ ಆಡಿದ ಮೊದಲ ಮಾತು ಅದು.

"ಬದುಕಿದಾನೆ. ಯಾರ ದಯದಿಂದ್ಲೂ ಅಲ್ಲ."

"ನನ್ ಮಗನ್ನ ಚಳಿಗೆ ಕೊಲ್ತಿದೀಯ!"

"ಹೊರಗೆ ಹಾಕ್ದೋರು ನೀವು, ನಾನಲ್ಲ!"

"ಎಷ್ಟು ಉದ್ದ ನಿನ್ ನಾಲಿಗೆ!"

"ಅವ್ವಾ!"

ಬೊಮ್ಮಲಿಂಗಪ್ಪ ಹಳ್ಳದ ನಡುವೆ ಮರಳಲ್ಲಿ ನಿಂತಿದ್ದ. ಅಷ್ಟು ಗಟ್ಟಿಯಾಗಿ ಅವನು ಕೂಗಿದ್ದನ್ನು ಇಬ್ಬರೂ ಎಂದೂ ಕೇಳಿರಲಿಲ್ಲ. ದಿಬ್ಬದ ಮೇಲೆ ಒಬ್ಬೊಬ್ಬರೇ ಗುಡಿಸಲಿಂದ ಹೊರಬಂದು ನಿಂತರು.

"ಅವತ್ತು ಪಂಕ್ತೀಲಿ ತಪ್ಪು ಮಾತಾಡಿದ್ದು ನೀನು. ನಂಗೆ ಗೊತ್ತಿತ್ತು. ಹೇಳ್ದೆ ಎದ್ದು ಬಂದಿದ್ದು ನನ್ ತಪ್ಪು. ಮದುವೆ ಅಂತಾದ್ರೆ ಯರ್ರೀನೇ. ಅವಳು ಒಲ್ಲೆ ಅಂದ್ರೆ ಇಲ್ಲ ಅಷ್ಟೆ. ಅವಳಿನ್ನೂ ಹ್ಞೂಂ ಅಂದಿಲ್ಲ. ನಾನಿನ್ನೂ ಕೇಳೇ ಇಲ್ಲ."

ಪಾಪಕ್ಕ ದಂಡೆಯ ಮೇಲೆಯೇ ಕುಸಿದು ಕೂತಳು. "ನಿಮ್ಮವ್ವ ಸತ್ತಾಗ ನಾನು ಬರ್ಬೇಕಿತ್ತು ಕಣೇ," ಅಂದಳು. ದನಿಯಲ್ಲಿ ಈಗಲೂ ಕೋಪವೇ ಇತ್ತು, ಯಾರ ಮೇಲೆಂದು ಮಾತ್ರ ತಿಳಿಯುತ್ತಿರಲಿಲ್ಲ. "ಅಣ್ಣಂಗೆ ಹೇಳು. ನಾಳೆ ಕಾಯಿಸಿದ ಹಾಲು ತರ್ತೀನಿ. ದೊಡ್ಡೀರಪ್ಪ ಏನಾದ್ರೂ ಅಂದ್ಕೊಳ್ಲಿ."

ಅವಳು ಎದ್ದು ದಿಬ್ಬದ ಕಡೆ ಹೋದಳು. ಹಳ್ಳದಲ್ಲಿ ಅವರಿಬ್ಬರೇ ಉಳಿದರು.

"ಈಗ ಕೇಳ್ಲಾ?" ಅಂದ ಬೊಮ್ಮಲಿಂಗಪ್ಪ.

"ಕೇಳ್ಬ್ಯಾಡ." ಯರ್ರಮ್ಮ ಅವನ ಮುಖವನ್ನು ನೇರ ನೋಡಿದಳು. ಹನ್ನೆರಡು ದಿನದ ಗಡ್ಡ, ಚಳಿಗೆ ಸೀಳಿದ ತುಟಿ. "ನಿನ್ ಮ್ಯಾಲೆ ನಂಗಿನ್ನೂ ಸಿಟ್ಟೈತೆ."

"ಗೊತ್ತು."

"ಏನೂ ಗೊತ್ತಿಲ್ಲ ನಿಂಗೆ. ಆ ಪಂಕ್ತೀಲಿ ನಲವತ್ತು ಜನ ಕೂತಿದ್ರು. ಒಬ್ಬರೂ ನನ್ ಪರ ಮಾತಾಡ್ಲಿಲ್ಲ. ಅವರನ್ನೆಲ್ಲ ಮಾರನೇ ದಿನವೇ ಮರೆತೆ. ನಿನ್ನೊಬ್ಬನ್ನ ಮಾತ್ರ ಎರಡು ವರ್ಷ ದಿನಾ ಬೈದೀನಿ. ಬೆಳಗ್ಗೆ ಎದ್ದು ಬೈದೀನಿ, ಬೀಸ್ತಾ ಬೈದೀನಿ, ಮಲಗೋ ಮುಂಚೆ ಬೈದೀನಿ." ಅವಳ ಕಣ್ಣು ತುಂಬಿತು, ದನಿ ಮಾತ್ರ ಗಡುಸಾಗೇ ಇತ್ತು. "ಬೇಡದೋನನ್ನ ಯಾರಾದ್ರೂ ಅಷ್ಟು ನೆನೀತಾರೇನೋ, ಪೆದ್ದಾ?"

ಅವನ ಕಿವಿಗೂ, ಕೆನ್ನೆಗೂ ಒಟ್ಟಿಗೇ ರಂಗು ಏರಿತು. ಏನೋ ಹೇಳಲು ಬಾಯಿ ತೆರೆದ. ಅವಳು ಕೈ ಎತ್ತಿ ತಡೆದಳು.

"ಈಗ ಮಾತಾಡ್ಬ್ಯಾಡ. ಅಪ್ಪ ಕರೀತಾನೆ. ಆ ಒದ್ದೆ ಕಂಬಳಿ ಬಿಸಿಲಿಗೆ ಹಾಕಿ, ಗಾಡಿ ಹತ್ರ ಬಾ."