ನೀರವ್ವನ ಸೀಮಂತ

ಸಮುದ್ರದ ನೀರು ಇನ್ನೂ ಇಷ್ಟು ಉಪ್ಪಾಗದಿದ್ದ ಕಾಲದಲ್ಲಿ ಹವಳಪಟ್ಟಣವೆಂಬ ರಾಜ್ಯವಿತ್ತು. ಅಲ್ಲಿನ ದೋಣಿಗಳನ್ನು ಬಿರುಗಾಳಿಯಿಂದ ಕಾಯುತ್ತಿದ್ದವಳು ನೀರವ್ವ ಎಂಬ ಮಾತಾಡುವ ತಿಮಿಂಗಿಲ. ರಾಜ ವೀರಕೇತುವನ್ನು ಚಿಕ್ಕಂದಿನಲ್ಲಿ ಬೆನ್ನ ಮೇಲೆ ಕೂರಿಸಿಕೊಂಡು ಆಡಿಸಿದವಳೂ ಅವಳೇ.

ಒಂದು ವರ್ಷ ನೀರವ್ವನ ಹೊಟ್ಟೆ ಉಬ್ಬತೊಡಗಿತು. "ಬಸುರಿ," ಎಂದ ಆಸ್ಥಾನದ ಮಂತ್ರವಾದಿ ಧೂಮಾಕ್ಷ. "ರೋಗ ಎಂದವರು ಕಲ್ಲಾಗಿಹೋಗುತ್ತಾರೆ." ಊರಿಗೆ ಊರೇ ಹಿಗ್ಗಿತು. ಬಳೆಗಾರರು ಗಾಡಿಯ ಗಾಲಿಯಷ್ಟು ದೊಡ್ಡ ಹಸಿರು ಬಳೆ ಮಾಡಿ ಅವಳ ರೆಕ್ಕೆಗೆ ತೊಡಿಸಿದರು. ಹೆಂಗಸರು ಬುಟ್ಟಿಗಟ್ಟಲೆ ತಂಬಿಟ್ಟು ತಿನ್ನಿಸಿ ಸೀಮಂತ ಮಾಡಿದರು. ಪ್ರೀತಿ ಹೆಚ್ಚಾದರೆ ಕಣ್ಣು ಕೊಂಚ ಮಂಜಾಗುತ್ತದೆ, ಪಾಪ.

ಎರಡು ವರ್ಷ ಕಳೆದರೂ ಮರಿ ಬರಲಿಲ್ಲ. ಹೊಟ್ಟೆ ಬೆಳೆಯಿತು, ಮೈ ಬಡವಾಯಿತು. ಧೂಮಾಕ್ಷ ಮಾತ್ರ ದಿನೇ ದಿನೇ ಕೊಬ್ಬಿದ.

ಅರ್ಧ ಊರಿನ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ಸಾಂತಕ್ಕ ರಾಜನ ಬಳಿ ಬಂದಳು. "ಬುದ್ಧಿ, ಇದು ಬಸಿರಲ್ಲ. ಹೀಗೇ ಬಿಟ್ಟರೆ ಅವಳು ಉಳಿಯೋದಿಲ್ಲ."

"ಮೂರು ಪರೀಕ್ಷೆ ಮಾಡಿ ತೋರಿಸು," ಎಂದ ರಾಜ.

ಎಲ್ಲರೂ ದಡಕ್ಕೆ ಬಂದರು. ಸಾಂತಕ್ಕ ಬಿದಿರ ಕೊಳವೆಯನ್ನು ನೀರವ್ವನ ಹೊಟ್ಟೆಗಿಟ್ಟು ಕಿವಿಗೊಟ್ಟಳು. "ಒಂದೇ ಎದೆಬಡಿತ. ಎರಡನೆಯದಿಲ್ಲ." ಅವಳ ಪಾದ ಕಲ್ಲಾಯಿತು.

ನೀರವ್ವ ಉಸಿರು ಚಿಮ್ಮಿದಾಗ ಮೂಸಿ ನೋಡಿದಳು. "ಬಸುರಿಯ ಉಸಿರಲ್ಲ. ಒಳಗೇನೋ ಕೊಳೀತಿದೆ." ಸೊಂಟದವರೆಗೆ ಕಲ್ಲಾಯಿತು.

ಇನ್ನು ಬಗ್ಗುವುದು ಆಗಲಿಲ್ಲ. ನೀರವ್ವನೇ ಹತ್ತಿರ ಸರಿದು ಹೊಟ್ಟೆಯನ್ನು ಅವಳ ಕೈಗೆ ಒಡ್ಡಿದಳು. ಸಾಂತಕ್ಕ ಮೆಲ್ಲಗೆ ಒತ್ತಿದಳು. "ಮರಿಯಾದರೆ ಒದೀಬೇಕು, ಜಾರಬೇಕು. ಇದು ಬೇರು ಬಿಟ್ಟು ಕೂತಿದೆ." ಕಲ್ಲು ಕುತ್ತಿಗೆಗೇರಿತು.

"ಸಾಕು ಸಾಂತಕ್ಕ, ಹೆಸರು ಹೇಳಬೇಡ," ಎಂದಳು ನೀರವ್ವ.

"ಹೆಸರು ಹೇಳದೆ ಯಾವ ರೋಗಕ್ಕೂ ಮದ್ದಿಲ್ಲ ಕಣವ್ವ. ನಿನಗಿರೋದು ಏಡಿಗಂತಿ, ಏಡಿಯ ಹಾಗೆ ಒಳಗೇ ಕಚ್ಚಿ ಬೆಳೆಯೋ ಗಡ್ಡೆ."

ಧೂಮಾಕ್ಷ ಕಿರುಚಿಕೊಂಡು ಬಿದ್ದ. ಅವನು ತನ್ನ ಪ್ರಾಣವನ್ನು ಆ ಗಂತಿಯಲ್ಲೇ ಬಚ್ಚಿಟ್ಟಿದ್ದ. ಹೆಸರು ಹಿಡಿದು ಕರೆದರೆ ಅದು ಹೊರಗೆ ಬರಲೇಬೇಕಿತ್ತು. ನೀರವ್ವ ಒಮ್ಮೆ ಕೆಮ್ಮಿದಳು. ಕರಿಯ ಗಂತಿ ದಡಕ್ಕೆ ಬಿದ್ದು ಬೂದಿಯಾಯಿತು, ಅದರ ಜೊತೆಗೆ ಧೂಮಾಕ್ಷನೂ. ಸಾಂತಕ್ಕನ ಮೈಯಿಂದ ಕಲ್ಲು ಉದುರಿತು.

ರಾಜ ನೀರಿಗಿಳಿದು ನೀರವ್ವನ ಮೂತಿಯನ್ನು ತಬ್ಬಿ ಅತ್ತ. "ನೋವಾಗ್ತಿದೆ ಅಂತ ನೀನಾದರೂ ಯಾಕೆ ಹೇಳಲಿಲ್ಲ?"

"ನೀವೆಲ್ಲ ಅಷ್ಟು ಖುಷಿಯಾಗಿದ್ದಿರಿ ಮಗನೇ. ನಿಮ್ಮ ಮುಖ ನೋಡಿ ನನಗೆ ಬಾಯಿ ಬರಲಿಲ್ಲ."

ರಾಜ, ಸೂಲಗಿತ್ತಿ, ತಿಮಿಂಗಿಲ ಎಲ್ಲರೂ ನೂರು ವರ್ಷ ಸುಖವಾಗಿ ಬಾಳಿದರು. ಆದರೆ ಅಂದಿನಿಂದ ಹವಳಪಟ್ಟಣದಲ್ಲಿ ಯಾರಿಗೇ ಹಬ್ಬ ಮಾಡಲಿ, ಮೊದಲು ಪಕ್ಕದಲ್ಲಿ ಕೂತು "ಎಲ್ಲಾದರೂ ನೋಯುತ್ತಿದೆಯಾ?" ಎಂದು ಕೇಳುತ್ತಾರೆ. ಉತ್ತರ ಬರುವವರೆಗೂ ಕಾಯುತ್ತಾರೆ.