ಯಾರ ಧ್ವನಿ ಅಂತ ಕೇಳಿದರೆ...

"ಆವತ್ತ ನೀವು ಹಾಡಿದ್ರಲ್ರಿ... ಆ ಹಾಡು ಬೇಕಾಗಿತ್ತು."

ದಾಕ್ಷಾಯಿಣಿ ತಲೆ ಎತ್ತಿದಳು. ಕೈಯಲ್ಲಿದ್ದ ಸ್ಪೀಕರ್ ವೈರು ಜಾರಿ ಬಿತ್ತು.

ಶ್ರೀಶೈಲ!

ಹುಕ್ಕೇರಿಯ ಅವಳ ಮೈಕ್ ಸೆಟ್ ಅಂಗಡಿಗೆ ಮದುವೆಯವರು ಬರುತ್ತಾರೆ, ಎಲೆಕ್ಷನ್‌ನವರು ಬರುತ್ತಾರೆ. ಈ ಮನುಷ್ಯ ಬಂದು ನಿಲ್ಲುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಹೋದ ವರ್ಷ ಇದೇ ಶ್ರೀಶೈಲ ತಾಯಿ ಮತ್ತು ಸೋದರಮಾವನ ಜೊತೆ ಘೋಡಗೇರಿಯಿಂದ ಅವಳನ್ನು ನೋಡಲು ಬಂದಿದ್ದ. "ಒಂದು ಹಾಡು ಹಾಡವಾ" ಅಂದಿದ್ದರು. ಕನ್ಯೆಗೆ ಹಾಡು ಅನ್ನುವವರು, ಫುಟ್ಬಾಲ್ ಆಡುವ ವರನಿಗೆ ಒಂದು ಬಾಲ್ ಒದ್ದು ತೋರಿಸಪ್ಪಾ ಅಂದದ್ದನ್ನು ನಾನಂತೂ ಕೇಳಿಲ್ಲ! ಅವಳು, ಅಜ್ಜಿ ಜೋಳ ಬೀಸುತ್ತಾ ಹೇಳುತ್ತಿದ್ದ ಪದವೊಂದನ್ನು ಕಣ್ಣು ಮುಚ್ಚಿ ಹಾಡಿದ್ದಳು. ಕಣ್ಣು ತೆರೆದಾಗ ಅವನು ತಟ್ಟೆಯಲ್ಲಿದ್ದುದನ್ನು ತಿನ್ನುವುದನ್ನೂ ಮರೆತು ಅವಳನ್ನೇ ನೋಡುತ್ತಿದ್ದ. ಆ ಒಂದು ನೋಟಕ್ಕೆ ಅವಳ ಮನಸ್ಸು ಸೋತುಹೋಗಿತ್ತು.

ಆದರೆ ಅವರ ಮನೆಯಿಂದ ಬಂದ ಉತ್ತರ?

"ಹುಡುಗಿ ಚಲೋ ಅದಾಳ. ಆದ್ರ ಧ್ವನಿ ಗಂಡಸರ ಗತೆ ಐತಿ."

ಓಣಿಯೆಲ್ಲ ನಕ್ಕಿತು. ಅಂದಿನಿಂದ ಅವಳು ಹಾಡಲೇ ಇಲ್ಲ. ಮೈಕ್ ಸರಿ ಇದೆಯೋ ಇಲ್ಲವೋ ನೋಡಲಿಕ್ಕೂ ಬಾಯಿ ತೆರೆಯದೆ ಬೆರಳಿನಿಂದ ತಟ್ಟಿ ನೋಡುತ್ತಿದ್ದಳು.

"ಗಂಡಸರ ಧ್ವನಿ ನಿಮಗ್ಯಾಕ ಬೇಕ್ರಿ?" ಅವಳ ಮಾತು ಮೆಣಸಿನಕಾಯಿಯಷ್ಟು ಖಾರವಾಗಿತ್ತು.

ಅವನ ಮುಖ ಸಣ್ಣದಾಯಿತು.

"ನಮ್ಮ ಬೆಳ್ಳಿಚುಕ್ಕಿ ಫುಟ್ಬಾಲ್ ಕ್ಲಬ್ಬಿಗೆ ಒಂದು ಹಾಡು ಆರಿಸಬೇಕಾಗೇತ್ರಿ. ಹೋಮ್ ಮ್ಯಾಚ್ ಇದ್ದಾಗ ನಾವು ಮೈದಾನಕ್ಕ ಇಳಿಯೂಮುಂದ ಹಚ್ಚಾಕ. ಗೋಕಾಕದವರು, ಮೂಡಲಗಿಯವರು ಎಲ್ಲಾರೂ ಅದ ಡಿಜೆ ಹಚ್ತಾರ. ನನಗ ಮಾತ್ರ... ಪ್ರತಿ ಮ್ಯಾಚಿಗೂ ಮೊದಲ ನಿಮ್ಮ ಹಾಡ ನೆನಪಾಗ್ತೈತಿ."

"ಬ್ಯಾಡ ಅಂದವರು ನೀವ ಅಲ್ಲೇನ್ರಿ?"

"ನಾ ಅನ್ನಲಿಲ್ರಿ. ಮುತ್ತಪ್ಪ ಮಾಮಾ ಅಂದ್ರು. ಅಪ್ಪ ಹೋದ ಮ್ಯಾಲೆ ನಮ್ಮನ್ನ ಸಾಕಿದವರು ಅವರ. ಕ್ಲಬ್ಬಿನ ಅಧ್ಯಕ್ಷರೂ ಅವರ. ನಾ... ಸುಮ್ಮನ ಕುಂತೆ."

ಅಯ್ಯೋ! ಇಷ್ಟು ದಿನ ಅವನೇ ಬೇಡ ಅಂದನೆಂದು ಉರಿದಿದ್ದಳು. ಈಗ ತಿಳಿದ ನಿಜ ಅದಕ್ಕಿಂತ ಕಹಿಯಾಗಿತ್ತು. ಇಷ್ಟವಿದ್ದೂ ಬಾಯಿ ಬಿಡದವನನ್ನು ಏನೆಂದು ಬೈಯುವುದು?

ಆದರೂ ಹುಚ್ಚು ಮನಸ್ಸು ನೋಡಿ... ಅವನಿಗೆ ಇಷ್ಟವಾಗಿತ್ತು ಅನ್ನುವಷ್ಟನ್ನೇ ಹಿಡಿದುಕೊಂಡು ಕುಣಿಯಿತು.

"ಹಾಡ್ತೇನಿ," ಅಂದಳು ಕೊನೆಗೆ. "ಆದ್ರ ಒಂದ ಮಾತು. ಕಮಿಟಿಯಾಗ ಯಾರ ಧ್ವನಿ ಅಂತ ಕೇಳಿದ್ರ, ನನ್ನ ಹೆಸರು ಹೇಳಬೇಕು. ನಿಮ್ಮ ಮಾಮಾನ ಮುಂದ."

"ಹೇಳ್ತೇನ್ರಿ. ಖರೇನ ಹೇಳ್ತೇನಿ!"

ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು, ರೆಕಾರ್ಡಿಂಗ್ ಶುರು ಮಾಡಿ ಅವಳು ಹಾಡಿದಳು. ಮೊದಲ ಸಾಲಿಗೇ ನಿಲ್ಲಿಸಿಬಿಟ್ಟಳು. ಅವನು ನೀರಿನ ಲೋಟ ಮುಂದಿಟ್ಟ. ಮತ್ತೆ ಹಾಡಿದಳು...

*ಬಾಗಲ ತೆರದೇನಿ, ನಡಿ ನನ್ನ ಮಗನ,*
*ಹಿಂದಕ ಹೊಳ್ಳಿ ನೋಡಬ್ಯಾಡ...*

ಮುಗಿದಾಗ ಅವನ ಕಣ್ಣು ತುಂಬಿತ್ತು. ಹಾಡನ್ನು ಪೆನ್ ಡ್ರೈವ್‌ಗೆ ಹಾಕಿ ಅವನ ಕೈಗೆ ಕೊಟ್ಟಳು. ದಾಕ್ಷಾಯಿಣಿಗೆ ಒಳಗೆಲ್ಲ ಹಗುರವಾಯಿತು. 'ಈ ಸಲ ಇವರು ಕೈ ಬಿಡೂದಿಲ್ಲ' ಅಂದುಕೊಂಡಳು.

ಭಾನುವಾರ ಕ್ಲಬ್ಬಿನ ಕೋಣೆಯಲ್ಲಿ ಕಮಿಟಿ ಸೇರಿತು. ಸ್ಪೀಕರ್ ಜೋಡಿಸುವ ನೆಪದಲ್ಲಿ ಅವಳೂ ಹೋಗಿ ಮೂಲೆಯಲ್ಲಿ ನಿಂತಿದ್ದಳು. ಹೋದ ವರ್ಷ ನೋಡಿಹೋದ ಹುಡುಗಿ ಇವಳೇ ಎಂಬ ಗುರುತೂ ಮುತ್ತಪ್ಪನಿಗೆ ಉಳಿದಿರಲಿಲ್ಲ. ಸಿನಿಮಾ ಹಾಡುಗಳು ಬಂದವು, ಡಿಜೆ ಬಂತು, ಜಗಳವೂ ಆಯಿತು. ಕೊನೆಗೆ ಶ್ರೀಶೈಲ ಆ ಪೆನ್ ಡ್ರೈವ್ ಹಾಕಿದ.

ಗೋಲ್‌ಕೀಪರ್ ಜಾವೇದ ಕುಳಿತಲ್ಲಿಂದ ಎದ್ದೇಬಿಟ್ಟ.

"ಮೈಮ್ಯಾಲೆ ಮುಳ್ಳ ಎದ್ದಾವ ನೋಡ್ರಿ! ಇದ ಇರಲಿ!"

ಮುತ್ತಪ್ಪ ಮೀಸೆ ತಿರುವಿದರು. "ಭಾರಿ ಐತಿ! ಎಂಥಾ ಗಟ್ಟಿ ಧ್ವನಿ! ಯಾರ್ದೋ ಇದು?"

ಎಲ್ಲರೂ ಶ್ರೀಶೈಲನತ್ತ ತಿರುಗಿದರು. ದಾಕ್ಷಾಯಿಣಿ ಅವನನ್ನೇ ನೋಡಿದಳು. ಹೇಳ್ರಿ... ಹೇಳ್ರಿ...

ಶ್ರೀಶೈಲ ಮಾವನ ಮುಖ ನೋಡಿದ. ಅವಳ ಮುಖ ನೋಡಲಿಲ್ಲ.

"ಯಾರ್ದೋ ಗೊತ್ತಿಲ್ಲ ಮಾಮಾ... ನೆಟ್‌ನ್ಯಾಗ ಸಿಕ್ತು."

ಕುರಿ ಕೊಯ್ಯುವವನಾದರೂ ಒಮ್ಮೆ ಕುರಿಯ ಕಡೆ ನೋಡುತ್ತಾನೆ!

ಅವಳು ಅಳಲಿಲ್ಲ. ನೆಟ್ಟಗೆ ಬಂದು ಪೆನ್ ಡ್ರೈವ್ ಕಿತ್ತುಕೊಂಡಳು. "ಸ್ಪೀಕರ್ ಆಮ್ಯಾಲೆ ಒಯ್ತೇನ್ರಿ," ಅಂದು ಹೊರನಡೆದಳು. ಅವನು ಬಾಗಿಲ ತನಕ ಓಡಿ ಬಂದ.

"ದಾಕ್ಷಾಯಿಣಿಯವ್ರ, ಒಂದ ನಿಮಿಷ... ಮಾಮಾ ಒಮ್ಮೆ ಒಪ್ಪಿಬಿಡ್ಲಿ, ಆಮ್ಯಾಲೆ ಹೇಳಬೇಕಂತ..."

"ನನ್ನ ಧ್ವನಿ ಬೇಕು, ನಾ ಬ್ಯಾಡ. ಹೌದಿಲ್ರಿ?" ಅವಳು ತಿರುಗಿ ನೋಡದೆ ಅಂದಳು. "ಆವತ್ತ ಬರೇ ಸುಮ್ಮನ ಕುಂತಿದ್ರಿ. ಇವತ್ತ ಸುಳ್ಳೂ ಕಲಿತ್ರಿ."

ಆಮೇಲೆ ಅವನು ಮಾಡಿದ ಫೋನುಗಳನ್ನು ಅವಳು ಎತ್ತಲಿಲ್ಲ.

ಕಮಿಟಿ ಆ ಹಾಡನ್ನೇ ಆರಿಸಿತ್ತು. ಮುಂದಿನ ಮ್ಯಾಚ್ ಗೋಕಾಕದವರ ಜೊತೆ. ಮೈದಾನದ ತುಂಬ ಜನ. ಮೈಕ್ ಸೆಟ್ ಅವಳದೇ. ಎಷ್ಟೇ ಸಿಟ್ಟಿದ್ದರೂ ಹಿಡಿದ ಕೆಲಸ ಬಿಡುವ ಜಾಯಮಾನ ಅವಳದಲ್ಲ.

ಎರಡೂ ತಂಡಗಳು ಸಾಲಾಗಿ ನಿಂತಿದ್ದವು. ಮುತ್ತಪ್ಪ ದಡದಡನೆ ಬಂದರು.

"ಏ ಹುಡುಗಿ, ಆ ಹಾಡ ಹಚ್ಚು!"

"ಹಾಡಿದವರ ಹೆಸರು ಮೈಕಿನ್ಯಾಗ ಹೇಳ್ರಿ, ಹಚ್ತೇನಿ."

"ನೆಟ್‌ನ್ಯಾಗಿನ ಹಾಡಿಗೆ ಎಲ್ಲೀ ಹೆಸರು?"

"ಹೆಸರಿಲ್ಲಂದ್ರ ಹಾಡೂ ಇಲ್ರಿ."

"ಆ ಧ್ವನಿ ಇವರದು, ಮಾಮಾ."

ಸಾಲು ಬಿಟ್ಟು ಬಂದಿದ್ದ ಶ್ರೀಶೈಲ. ಮುಖ ಬಿಳಿಚಿತ್ತು, ಆದರೆ ಮಾತು ಎರಡೂ ತಂಡಕ್ಕೆ ಕೇಳುವಷ್ಟು ಗಟ್ಟಿಯಾಗಿತ್ತು.

"ಗಂಡಸರ ಗತೆ ಐತಿ ಅಂತ ನೀವು ಜರಿದ್ರಲ್ಲ, ಅದ ಧ್ವನಿ. ಆವತ್ತ ನಾ ಹೂಂ ಅನ್ನಬೇಕಾಗಿತ್ತು, ಸುಮ್ಮನ ಕುಂತೆ. ಮೊನ್ನೆ ಸುಳ್ಳ ಹೇಳಿದೆ. ತಪ್ಪ ನಿಮ್ಮದಲ್ಲ, ನಂದು."

ಗೋಕಾಕದ ಹುಡುಗರು ಕಿಸಕ್ಕನೆ ನಕ್ಕರು. ಅದನ್ನು ಮುತ್ತಪ್ಪ ಸಹಿಸಲಿಲ್ಲ.

"ಸಾಕಿದ ನನ್ನ ಮಾನಾ ನಾಕ ಮಂದ್ಯಾಗ ಕಳೀತಿಯೇನೋ? ಅಂಗಿ ತಗಿ! ಇವತ್ತಿಂದ ನೀ ಕ್ಯಾಪ್ಟನ್ ಅಲ್ಲ, ಈ ಕ್ಲಬ್ಬಿನವನೂ ಅಲ್ಲ!"

ಶ್ರೀಶೈಲ ಕ್ಯಾಪ್ಟನ್ ಅಂಗಿ ತೆಗೆದು ಜಾವೇದನ ಕೈಯಲ್ಲಿಟ್ಟ. ಜಾವೇದ ತಲೆ ತಗ್ಗಿಸಿ ಅದನ್ನು ಹಿಡಿದುಕೊಂಡ.

ಬೆಳ್ಳಿಚುಕ್ಕಿ ತಂಡ ಯಾವ ಹಾಡೂ ಇಲ್ಲದೆ ಮೈದಾನಕ್ಕಿಳಿಯಿತು. ಬರೀ ಬೂಟುಗಳ ಸದ್ದು. ಹಾಡಿಗಾಗಿ ಕಾದಿದ್ದ ಜನಕ್ಕೆ ಏನಾಯಿತೆಂದೇ ತಿಳಿಯಲಿಲ್ಲ.

ಬನಿಯನ್‌ನಲ್ಲಿ ನಿಂತವನನ್ನು ನೋಡಿ ದಾಕ್ಷಾಯಿಣಿಗೆ ಗೆದ್ದೆ ಅನಿಸಲಿಲ್ಲ.

"ನನಗಾಗಿ ಇಷ್ಟ ಕಳಕೊಳ್ರಿ ಅಂತ ನಾ ಕೇಳಿರಲಿಲ್ಲ," ಅಂದಳು.

"ನಿಮಗಾಗಿ ಅಲ್ರಿ. ಈ ಬಾಯಿ ನಂದೋ ಮಾಮಾನದೋ ಅಂತ ಒಮ್ಮೆ ಗೊತ್ತಾಗಬೇಕಾಗಿತ್ತು." ಅವನು ಅವಳ ಕಡೆ ತಿರುಗಿದ. "ಇನ್ನೊಂದೂ ಹೇಳಿಬಿಡ್ತೇನಿ. ನೀವಂದ್ರ ನನಗ ಜೀವ. ಹಾಡಿದ್ರೂ ಅಷ್ಟ, ಹಾಡದಿದ್ರೂ ಅಷ್ಟ."

ಅವಳ ಕಣ್ಣು ತುಂಬಿ ಹರಿಯಿತು. ಈ ಮಾತು ಒಂದು ವರ್ಷ ಮೊದಲೇ ಬಂದಿದ್ದರೆ? ಇವನ ಆಟ ಉಳಿಯುತ್ತಿತ್ತು, ಅವಳ ಹಾಡು ಉಳಿಯುತ್ತಿತ್ತು. ಹೋದದ್ದು ಹೋಯಿತು, ಈಗ ಯಾರನ್ನು ಕೇಳುವುದು?

"ನನಗೂ ನೀವಂದ್ರ ಜೀವಾನ," ಅಂದಳು ಕಣ್ಣೊರೆಸಿಕೊಂಡು. "ಅದಕ್ಕ ಇಷ್ಟ ಉರೀತೈತಿ. ಸಿಟ್ಟ ಹೋಗಿಲ್ಲ ನಂದು."

"ಗೊತ್ತೈತ್ರಿ."

"ಲಗೂನ ಹೋಗೂದೂ ಇಲ್ಲ."

"ಇರಲಿ ಬಿಡ್ರಿ, ನನಗೇನ ಅವಸರಿಲ್ಲ. ಮ್ಯಾಚೂ ಇಲ್ಲೀಗ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅದಕ್ಕೂ ಸಿಟ್ಟು ಬಂತು. ಕುಳಿತಿದ್ದ ಪೆಟ್ಟಿಗೆಯ ಮೇಲೆ ತುಸು ಸರಿದಳು.

"ಬಿಸಿಲಾಗ ಯಾಕ ನಿಂತೀರಿ? ಇತ್ತ ನೆರಳಿಗೆ ಬಂದ ಕುಂದರ್ರಿ."