ಸಡಿಲವಾದ ನೀಲಿ ಗೌನು

"ಈ ಹೊಲಿಗೆ ಯಾರು ಹಾಕಿದ್ದು?"

ಅವಳ ದನಿ ಕೇಳಿ, ಹೊಲಿಗೆ ಯಂತ್ರ ತುಳಿಯುತ್ತಿದ್ದ ಗಂಡನ ಕಾಲು ಗಕ್ಕನೆ ನಿಂತಿತು.

ಇಸ್ತ್ರಿ ಮೇಜಿನ ಮೇಲೆ ಅವಳ ನೀಲಿ ಗೌನು ಒಳಮಗ್ಗುಲು ಹೊರಗಾಗಿ ಬಿದ್ದಿತ್ತು. ಸೊಂಟದ ಹತ್ತಿರ ಹೊಸ ದಾರ... ಅದರ ಪಕ್ಕದಲ್ಲೇ ಹಳೆಯ ಹೊಲಿಗೆ ಬಿಚ್ಚಿದ ಸೂಜಿತೂತುಗಳ ಸಾಲು. ಇದೇ ಅಂಗಡಿಯಲ್ಲಿ ಕಾಜಾ ಹಾಕಿ, ಗುಂಡಿ ಹೊಲಿದು ಕೈ ಪಳಗಿದವಳು ಅವಳು. ಕಣ್ಣಿಗೆ ಮಣ್ಣೆರಚಲು ಈ ಮಹಾಶಯ ಬೇರೆ ಯಾರನ್ನಾದರೂ ಹುಡುಕಿಕೊಳ್ಳಬೇಕಿತ್ತು.

"ಅದು... ಸ್ವಲ್ಪ ಬಿಗಿ ಇತ್ತಲ್ಲ ಅಂತ..." ಟೇಲರ್ ಗಂಡ ತಡವರಿಸಿದ.

"ಅಂದ್ರೆ ನಾನು ಸಣ್ಣ ಆಗೇ ಇಲ್ಲ."

ಅವನು ತಲೆ ತಗ್ಗಿಸಿದ.

ಸಣ್ಣಗಾಗಬೇಕೆಂದು ಅವಳದು ಎರಡು ತಿಂಗಳಿಂದ ಮಧ್ಯಾಹ್ನದಿಂದ ಸಂಜೆಯವರೆಗೆ ಮಾತ್ರ ಊಟ, ಉಳಿದ ಹೊತ್ತು ಬರೀ ನೀರು. ಬೆಳಗ್ಗೆ ಗಿರಾಕಿಗಳು ಏನಾದರೂ ಮೆಲ್ಲುತ್ತಾ ಬಂದರೆ ಬಾಯಲ್ಲಿ ನೀರೂರುತ್ತಿತ್ತು. 'ಇದು ಹಸಿವಲ್ಲ, ಬಾಯಿ ಚಪಲ... ಸ್ವಲ್ಪ ತಡೆದರೆ ತಾನಾಗಿಯೇ ಹೋಗುತ್ತೆ' ಎಂದು ತನಗೆ ತಾನೇ ಹೇಳಿಕೊಂಡು, ಒಂದು ಲೋಟ ನೀರು ಕುಡಿದು ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾಲ್ಕು ಗುಂಡಿ ಹೊಲಿಯುವಷ್ಟರಲ್ಲಿ ಆಸೆ ನಿಜಕ್ಕೂ ಅಡಗುತ್ತಿತ್ತು.

ಆಗಾಗ ಈ ಗೌನು ಹಾಕಿ ನೋಡುವಳು. ಸಡಿಲವಾಗಿದೆ ಅನ್ನಿಸಿದಾಗ ಕನ್ನಡಿಯ ಮುಂದೆ ಒಬ್ಬಳೇ ನಗುವಳು. ಹಿಡಿದ ಕೆಲಸವನ್ನೆಲ್ಲ ಅರ್ಧಕ್ಕೇ ಬಿಡುತ್ತಿದ್ದವಳಿಗೆ ತನ್ನ ಮೇಲೆ ಮೊದಲ ಸಲ ನಂಬಿಕೆ ಬಂದಿತ್ತು. ಆ ನಂಬಿಕೆಯೂ ಇವನೇ ಕದ್ದು ಹೊಲಿದದ್ದೆಂದು ಈಗ ತಿಳಿಯಿತು.

"ನಾನು ಖುಷಿಪಟ್ಟಾಗೆಲ್ಲ ನಿಮಗೆ ಒಳಗೊಳಗೇ ನಗು ಬರ್ತಿತ್ತಾ?"

"ಇಲ್ಲ ಕಣೇ... ಅವತ್ತು 'ನನ್ನ ಕೈಲಿ ಏನೂ ಆಗಲ್ಲ' ಅಂತ ಅತ್ತಿದ್ದೆಯಲ್ಲ, ನನಗೆ ನೋಡೋಕಾಗ್ಲಿಲ್ಲ. ನೀನು ಸಣ್ಣ ಆಗ್ಬೇಕು ಅಂತ ನಾನು ಯಾವತ್ತಾದ್ರೂ ಕೇಳಿದ್ದೀನಾ? ಹೇಗಿದ್ರೂ ನೀನಂದ್ರೆ ನನಗೆ ಪ್ರಾಣ."

"ನಾನು ಇದನ್ನ ನಿಮಗೋಸ್ಕರ ಮಾಡ್ತಿರಲಿಲ್ಲ."

ಅವನು ಯಂತ್ರದಲ್ಲಿದ್ದ ಬಟ್ಟೆ ತೆಗೆದು ಪಕ್ಕಕ್ಕಿಟ್ಟ.

"ನಾನು ಸೋಲ್ತೀನಿ ಅಂತ ನೀವೇ ಮೊದಲು ತೀರ್ಮಾನ ಮಾಡಿಬಿಟ್ರಿ. ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ನೋವಾಗ್ತಿರಲಿಲ್ಲ..." ಅವಳು ಅಳತೊಡಗಿದಳು.

ಅವನು ಎದ್ದು ಬಂದ. ಗೌನು ಎತ್ತಿಕೊಂಡು ಅವಳ ಎದುರಿಗೇ ಹೊಸ ದಾರವನ್ನು ಬಿಚ್ಚತೊಡಗಿದ.

"ಮೊದಲಿದ್ದ ಜಾಗಕ್ಕೇ ಹೊಲೀತೀನಿ. ಬಿಗಿಯಾದ್ರೆ ಬಿಗಿ ಅಂತಲೇ ಹೇಳ್ತೀನಿ. ತಪ್ಪಾಯ್ತು."

ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.

"ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಈಗಲೇ ಹೇಳಿಬಿಡಿ."

ಅವನು ಇನ್ನೆರಡು ಹೊಲಿಗೆ ಬಿಚ್ಚಿದ.

"ನಿನ್ನ ಜೊತೆ ನಾನೂ ಬೆಳಗ್ಗೆ ಏನೂ ತಿನ್ನಲ್ಲ ಅಂದಿದ್ನಲ್ಲ... ಹಿಂದಿನ ಕೋಣೇಲಿ ಬಾಗಿಲು ಹಾಕ್ಕೊಂಡು ಬ್ರೆಡ್ಡು, ಜಾಮು ತಿಂತೀನಿ. ನಿನ್ನ ಮುಂದೆ ತಿಂದ್ರೆ ನಿನಗೆ ಆಸೆ ಆಗುತ್ತಲ್ಲ ಅಂತ."

ಅಳುತ್ತಿದ್ದವಳಿಗೆ ನಗು ಒತ್ತರಿಸಿ ಬಂತು. ದಾರ ಬಿಚ್ಚುತ್ತಿದ್ದ ಅವನ ಕೈಯನ್ನು ಹಿಡಿದುಕೊಂಡಳು.

"ನಾಳೆಯಿಂದ ನನ್ನ ಎದುರಿಗೇ ಕೂತು ತಿನ್ನಿ."

"ನಿನಗೆ ಕಷ್ಟ ಆಗಲ್ವಾ?"

"ಆಗುತ್ತೆ. ತಡ್ಕೋತೀನಿ... ನೀವು ನೋಡ್ತಾ ಇರಿ."